ಬೆನ್ನ ಹಿಂದೆ ಎಂಜಿನ್, ಮೂತಿಯಲ್ಲಿ ಫಿರಂಗಿ

ಯುದ್ಧವಿಮಾನವನ್ನು ನಿರ್ಮಿಸುವವರು ಮೊದಲು ಎಂಜಿನ್ನಿಗೆ ಸ್ಥಳವನ್ನು ನಿಶ್ಚಯಿಸಿ, ಅನಂತರ ಅದರ ಆಸುಪಾಸಿನಲ್ಲಿ ಆಯುಧಗಳಿಗೆ ಎಡೆಮಾಡುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ಈ ಕ್ರಮವನ್ನು ವಿಪರ್ಯಸ್ತಗೊಳಿಸಿದ ಸಾಹಸವು ಅಮೆರಿಕದ ಬಫಲೋ ನಗರದ ಬೆಲ್ ಕಂಪನಿಗೂ ಅದರ ವಿನ್ಯಾಸಕಾರ ರಾಬರ್ಟ್ ವುಡ್ಸ್ ಅವರಿಗೂ ಸಲ್ಲತಕ್ಕದ್ದು. 37 ಮಿಲಿಮೀಟರ್ ಫಿರಂಗಿಯೊಂದನ್ನು ವಿಮಾನದ ಮೂತಿಯಲ್ಲಿ ಪ್ರತಿಷ್ಠಾಪಿಸಿ, ಪ್ರೊಪೆಲರಿನ ನಾಭಿಯ ಮೂಲಕವೇ ಅದು ಗುಂಡು ಹಾರಿಸಬೇಕೆಂಬ ಸಂಕಲ್ಪ ಅವರದು. ಮೂತಿಯನ್ನು ಫಿರಂಗಿ ಆಕ್ರಮಿಸಿದ ಮೇಲೆ ಎಂಜಿನ್ ವೈಮಾನಿಕನ ಬೆನ್ನ ಹಿಂದಕ್ಕೆ ಸರಿಯಬೇಕಾಯಿತು. ಹೀಗೆ ರೂಪುಗೊಂಡದ್ದೇ ಪಿ-39 ಐರಾಕೋಬ್ರಾ.

ಒಂದು ನಿರ್ಧಾರದಿಂದ ಹಲವು ವೈಚಿತ್ರ್ಯಗಳು ತಾವಾಗಿ ಉದ್ಭವಿಸಿದುವು. ಹಿಂದಿರುವ ಅಲಿಸನ್ ಎಂಜಿನ್ನಿನ ಶಕ್ತಿಯನ್ನು ಮುಂದಿರುವ ಪ್ರೊಪೆಲರಿಗೆ ಒಯ್ಯಲು ಸುಮಾರು 10 ಅಡಿ ಉದ್ದದ ದಂಡವೊಂದು ವೈಮಾನಿಕನ ಆಸನದ ಕೆಳಗೇ ತಿರುಗುತ್ತ ಸಾಗುತ್ತಿತ್ತು. ಎಂಜಿನ್ನಿಲ್ಲದ ಮೂತಿಯಲ್ಲಿ ಮುಂಗಾಲಿಯನ್ನು ಮಡಿಚಿಡಲು ಅವಕಾಶ ದೊರೆತುದರಿಂದ ವಿಮಾನವು ಮೂರು ಗಾಲಿಗಳ ಮೇಲೆ ಸಮತಲವಾಗಿ ನಿಂತು, ನೆಲದ ಮೇಲೆ ಓಡುವಾಗ ಎದುರಿನ ದಾರಿ ಚಾಲಕನಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಮೇಲಿನ ಗಾಜಿನ ಮುಚ್ಚಿಗೆಯನ್ನು ಹಿಂದಕ್ಕೆ ಸರಿಸಿ ಒಳಗಿಳಿಯುವ ಕ್ರಮವೂ ಇಲ್ಲಿರಲಿಲ್ಲ. ವೈಮಾನಿಕನು ರೆಕ್ಕೆಯ ಮೇಲೆ ಹತ್ತಿ, ಮೋಟಾರು ಕಾರಿನದರಂತೆಯೇ ಇದ್ದ ಪಕ್ಕದ ಬಾಗಿಲನ್ನು ತೆರೆದು ಒಳಹೊಕ್ಕು ಕುಳಿತು, ಹಿಡಿಯನ್ನು ತಿರುಗಿಸಿ ಕಿಟಕಿಯ ಗಾಜನ್ನು ಏರಿಸಿಕೊಳ್ಳುತ್ತಿದ್ದನು.

ಆದರೆ ಮೊದಲ ಮಾದರಿಯಲ್ಲಿದ್ದ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಸೂಪರ್‌ಚಾರ್ಜರನ್ನು ಅನಂತರ ತೆಗೆದುಹಾಕಿದ್ದರ ಫಲವಾಗಿ, ಗಾಳಿ ವಿರಳವಾಗುವ ಔನ್ನತ್ಯದಲ್ಲಿ ಎಂಜಿನ್ ಸೊರಗುತ್ತಿತ್ತು. ಮೂತಿಯ ಮದ್ದುಗುಂಡು ಖರ್ಚಾದಾಗ ಭಾರಕೇಂದ್ರವು ಹಿಂದಕ್ಕೆ ಜಾರಿ, ಅಜಾಗರೂಕನಾದ ಚಾಲಕನನ್ನು ವಿಮಾನವು ಮಾರಕವಾದ ಸುಳಿತಿರುವಿಗೆ ಸಿಲುಕಿಸುವ ಭಯವೂ ಉಂಟಾಗಿತ್ತು. ಬ್ರಿಟಿಷ್ ವಾಯುಪಡೆಯು 1941ರಲ್ಲಿ ಒಂದೇ ಒಂದು ಸ್ಕ್ವಾಡ್ರನ್ನಿನಲ್ಲಿ ಅಲ್ಪಕಾಲ ಬಳಸಿ ಇದನ್ನು ಕೈಬಿಟ್ಟಿತು.

ಪಶ್ಚಿಮದವರು ಬೇಡವೆಂದುದನ್ನು ಸೋವಿಯತ್ ವೈಮಾನಿಕರು ಆದರದಿಂದ ಸ್ವೀಕರಿಸಿದರು. ಒಟ್ಟು ತಯಾರಾದ 9,500ಕ್ಕೂ ಹೆಚ್ಚು ವಿಮಾನಗಳಲ್ಲಿ ಸುಮಾರು ಅರ್ಧದಷ್ಟು ಇರಾನ್ ಮತ್ತು ಅಲಾಸ್ಕಾ–ಸೈಬೀರಿಯ ಮಾರ್ಗಗಳ ಮೂಲಕ ಅವರ ಕೈಸೇರಿದುವು. ಪೂರ್ವರಣಾಂಗಣದ ಆಕಾಶಯುದ್ಧವು ಬಹುಮಟ್ಟಿಗೆ ಕೆಳಮಟ್ಟದಲ್ಲಿ, ಕಾದಾಡುವ ಪದಾತಿಗಳ ನೆತ್ತಿಯ ಮೇಲೆಯೇ ನಡೆಯುತ್ತಿದ್ದುದರಿಂದ ಔನ್ನತ್ಯದ ದೌರ್ಬಲ್ಯವು ಅಲ್ಲಿ ಅಷ್ಟಾಗಿ ಬಾಧಿಸಲಿಲ್ಲ. ನಾಭಿಯ ಫಿರಂಗಿಯೂ ಉತ್ತಮವಾದ ರೇಡಿಯೊ ಸಾಧನವೂ ಅವರಿಗೆ ಬಹೂಪಯುಕ್ತವಾದುವು. 1943ರ ಕುಬಾನ್ ಕಾಳಗದಲ್ಲಿ ಇದೇ ವಿಮಾನದಲ್ಲಿ ಕಾದಿ ಹೆಸರಾದ ಅಲೆಕ್ಸಾಂಡರ್ ಪೊಕ್ರಿಷ್ಕಿನ್, ಮೂರು ಸಲ ಸೋವಿಯತ್ ಒಕ್ಕೂಟದ ವೀರ ಪದವಿಯನ್ನು ಪಡೆದನು.

ಆದಕಾರಣ ಐರಾಕೋಬ್ರಾವನ್ನು ವಿಫಲ ವಿನ್ಯಾಸವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಯಾವ ಎತ್ತರದಲ್ಲಿ, ಯಾರ ಕೈಯಲ್ಲಿ, ಯಾವ ಕಾರ್ಯಕ್ಕಾಗಿ ಎಂಬುದನ್ನು ವಿಚಾರಿಸದೆ ಯಂತ್ರವೊಂದರ ಯೋಗ್ಯತೆಯನ್ನು ನಿರ್ಣಯಿಸಲಾಗದೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಆ ಯುದ್ಧದ ಚರಿತ್ರೆಯಲ್ಲಿ ವಿರಳ.