ಮಗಳ ದೂರು ಯಾವ ಕೋರ್ಟಿಗೆ?

ಮುಂಬಯಿಯಲ್ಲಿ ನೆಲಸಿ ಎಷ್ಟು ವರ್ಷಗಳಾದರೂ ಬೀಗತನಕ್ಕೆ ನಾವು ಊರ ಕಡೆಗೇ ಮುಖ ಮಾಡುತ್ತೇವೆ. ವಿಲೆ ಪಾರ್ಲೆಯಲ್ಲಿ ಬೆಳೆದ ಮಗಳನ್ನು ವಿಜಯಪುರಕ್ಕೋ ಉಡುಪಿಗೋ ಕೊಡುತ್ತೇವೆ. ಅಲ್ಲಿಯ ಹೆಣ್ಣನ್ನು ಇಲ್ಲಿಗೆ ತರುತ್ತೇವೆ. ಸಂಸಾರ ಸುಸೂತ್ರವಾಗಿರುವ ತನಕ ನಡುವಿನ ರಾಜ್ಯದ ಗಡಿ ಯಾರ ಕಣ್ಣಿಗೂ ಬೀಳದು. ಮಗಳು ಕಿರುಕುಳ ತಾಳಲಾರದೆ ತೌರಿಗೆ ಮರಳಿದ ದಿನ ಮಾತ್ರ ಅದು ಗೋಡೆಯಾಗಿ ಎದ್ದು ನಿಲ್ಲುತ್ತದೆ. "ಹಿಂಸೆ ನಡೆದದ್ದು ಅಲ್ಲಿ, ದೂರನ್ನೂ ಅಲ್ಲಿಯೇ ಕೊಡಿ" ಎನ್ನುವವರೇ ಹೆಚ್ಚು. ಪಾರ್ಲೆಯಿಂದ ಅಂಧೇರಿ ಒಂದೇ ಸ್ಟೇಶನ್ನು. ವಿಜಯಪುರದ ಕೋರ್ಟು ಒಂದು ರಾತ್ರಿಯ ಪ್ರಯಾಣ, ಅದೂ ತಾರೀಖು ಬಿದ್ದಾಗಲೆಲ್ಲ.

ಅಪರಾಧ ನಡೆದ ಸ್ಥಳದ ನ್ಯಾಯಾಲಯದಲ್ಲಿಯೇ ವಿಚಾರಣೆ ಎಂಬುದು ಫೌಜದಾರಿ ಕಾನೂನಿನ ಸಾಮಾನ್ಯ ನಿಯಮ. ಆದರೆ ಕೃತ್ಯ ಒಂದೆಡೆ, ಅದರ ಪರಿಣಾಮ ಇನ್ನೊಂದೆಡೆ ಆದಾಗ ಎರಡೂ ಕಡೆಯ ನ್ಯಾಯಾಲಯಗಳಿಗೆ ಅಧಿಕಾರವುಂಟು. ತೌರಿಗೆ ಬಂದ ಹೆಣ್ಣಿಗೆ ಇದು ಅನ್ವಯಿಸುವುದೇ ಎಂಬುದೇ ಬಹುಕಾಲದ ತಕರಾರು. 2004ರಲ್ಲಿ, ಗಂಡನ ಮನೆ ಬಿಟ್ಟು ಚೆನ್ನೈಗೆ ಬಂದು ಅಲ್ಲಿ ದೂರು ಕೊಟ್ಟಿದ್ದ ಹೆಂಗಸಿನ ಖಟ್ಲೆಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು; ಚೆನ್ನೈಯಲ್ಲಿ ಏನೂ ನಡೆದಿಲ್ಲ, ತಕ್ಕ ನ್ಯಾಯಾಲಯಕ್ಕೆ ಹೋಗಬೇಕು ಎಂದಿತು. 2019ರ ಏಪ್ರಿಲ್ 9ರಂದು ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಈ ತೊಡಕನ್ನು ಬಿಡಿಸಿತು. ಹಿಂಸೆಯ ನೋವು ಹೊಸ್ತಿಲು ದಾಟಿದೊಡನೆ ಮುಗಿಯುವುದಿಲ್ಲ, ಮನಸ್ಸಿನ ಯಾತನೆ ತೌರಿನಲ್ಲಿಯೂ ಮುಂದುವರಿಯುತ್ತದೆ. ಆದುದರಿಂದ ಆಕೆ ಆಶ್ರಯ ಪಡೆದ ಊರಿನ ನ್ಯಾಯಾಲಯಕ್ಕೂ, ಸಂದರ್ಭವನ್ನು ನೋಡಿಕೊಂಡು, ಅಧಿಕಾರವುಂಟೆಂದು ತೀರ್ಮಾನವಾಯಿತು.

ಪೋಲೀಸು ಠಾಣೆಯ ಮಾತೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಇಂಥ ಗುರುತರ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದನ್ನೇ 'ಜೀರೋ ಎಫ್.ಐ.ಆರ್.' ಎನ್ನುವುದು. ಸರಹದ್ದು ತಮ್ಮದಲ್ಲದಿದ್ದರೆ ಠಾಣೆಯವರೇ ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ದೂರಿನ ನಕಲು ಪುಕ್ಕಟೆಯಾಗಿ ಸಿಗಬೇಕು.

ಗಂಡುಮಕ್ಕಳ ತಾಯ್ತಂದೆಗಳೂ ನಮ್ಮಲ್ಲಿದ್ದಾರೆ. ಅವರ ಅಂಜಿಕೆಯನ್ನೂ ತಳ್ಳಿಹಾಕುವಂತಿಲ್ಲ. ಹೆಂಡತಿ ರಾಜಸ್ಥಾನದಲ್ಲಿ ದೂರು ಕೊಡಲು, ಗಂಡ ಬೆಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಪಡೆದ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2023ರ ನವೆಂಬರ್ 20ರಂದು ಬಂದ ತೀರ್ಪಿನಲ್ಲಿ ಆ ಜಾಮೀನೇನೋ ರದ್ದಾಯಿತು. ಆದರೆ ಪರರಾಜ್ಯದಲ್ಲಿ ದೂರು ದಾಖಲಾದವನಿಗೆ, ಅಲ್ಲಿಯ ಕೋರ್ಟಿಗೆ ಹೋಗಿ ತಲುಪುವಷ್ಟು ಅವಧಿಯ ರಕ್ಷಣೆಯನ್ನು ಅವನಿರುವ ಊರಿನ ಸೆಷನ್ಸ್ ಕೋರ್ಟೋ ಹೈಕೋರ್ಟೋ ಕೊಡಬಹುದೆಂದು ಸ್ಪಷ್ಟವಾಯಿತು. ಅದಕ್ಕೆ ತನಿಖೆಯ ಅಧಿಕಾರಿಗೆ ನೋಟೀಸು ಮುಟ್ಟಿರಬೇಕು. ನೇರವಾಗಿ ಅಲ್ಲಿಗೆ ಹೋಗಲಾಗದ ಕಾರಣವನ್ನೂ ತೋರಿಸಬೇಕು.

ಕಾಗದಪತ್ರಗಳ ನಡುವೆಯೇ ದಿನಗಳೆಯುವ ನಮ್ಮಂಥ ಕಾರಕೂನರು ಹೇಳಬಹುದಾದುದು ಇಷ್ಟು: ದೂರು ಬರೆಯುವಾಗ ಅಲ್ಲಿ ನಡೆದುದನ್ನು ಮಾತ್ರ ಬರೆದು ನಿಲ್ಲಿಸಬೇಡಿ. ಮಗಳು ಪಾರ್ಲೆಗೆ ಬಂದ ತಾರೀಖು, ಬಂದ ಕಾರಣ, ಬಂದ ಮೇಲೂ ಅನುಭವಿಸಿದ ಕಷ್ಟ, ಇಲ್ಲಿಯ ಡಾಕ್ಟರರ ಚೀಟಿ, ಫೋನಿನಲ್ಲಿ ಬಂದ ಬೆದರಿಕೆ ಎಲ್ಲವನ್ನೂ ಕ್ರಮವಾಗಿ ನಮೂದಿಸಿ. ಇಲ್ಲಿಯ ಕೋರ್ಟಿಗೆ ಅಧಿಕಾರವಿಲ್ಲವೆಂದು ಎದುರು ಪಕ್ಷದ ವಕೀಲರು ಎದ್ದುನಿಂತಾಗ ಉತ್ತರ ಕೊಡಬೇಕಾದುದು ಆ ನಾಲ್ಕು ಸಾಲುಗಳೇ.