ಮರಿಮೀನಿನ ಬಾಯಿಗೆ ತಕ್ಕ ತುತ್ತು

ಆರು ತಿಂಗಳ ಮಗುವಿನ ಕೈಗೆ ನೀವು ಜೋಳದ ರೊಟ್ಟಿ ಕೊಡುವುದಿಲ್ಲ. ಗಂಜಿ, ಹಿಸುಕಿದ ಅನ್ನದಿಂದ ಆರಂಭಿಸಿ, ಹಲ್ಲು ಬಂದ ಮೇಲೆ ರೊಟ್ಟಿಯ ಚೂರಿಗೆ ಬರುತ್ತೀರಿ. ಮೀನಿನ ಮರಿಗೂ ಇದೇ ನಿಯಮ. ಆದರೆ ಅದಕ್ಕೆ ತುತ್ತು ಮಾಡಿ ಕೊಡಲು ತಾಯಿಯಿಲ್ಲ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳಲ್ಲಿ ಕೃಷಿ ಹೊಂಡಗಳಿವೆ, ಕಲಘಟಗಿಯ ಕಡೆ ಕೆರೆಗಳಿವೆ. ಅಲ್ಲಿ ಕಾಟ್ಲಾ, ರೋಹು, ಮೃಗಾಲ್ ಸಾಕಿದರೆ ಮನೆಯ ಊಟಕ್ಕೂ ಆಯಿತು, ನಾಲ್ಕು ಕಾಸೂ ಆಯಿತು. ಆದರೆ ದುಡ್ಡು ಕೊಟ್ಟು ತಂದ ಎಳೆಮರಿಗಳನ್ನು ಸಿದ್ಧತೆಯಿಲ್ಲದ ನೀರಿಗೆ ಬಿಟ್ಟರೆ, ಹೆಚ್ಚಿನವು ಕೆಲವೇ ದಿನಗಳಲ್ಲಿ ಸಾಯುತ್ತವೆ. ಏಕೆ?

ಮೊಟ್ಟೆಯೊಡೆದ ಮರಿ ಸುಮಾರು ಮೂರು ದಿನ ಹೊಟ್ಟೆಗಂಟಿದ ಹಳದಿ ಚೀಲದ ಆಹಾರದಿಂದ ಬದುಕುತ್ತದೆ. ಚೀಲ ಬರಿದಾದಾಗ ಅದರ ಉದ್ದ ಆರೇಳು ಮಿಲಿಮೀಟರ್ ಮಾತ್ರ. ಹಲ್ಲಿಲ್ಲದ ಆ ಬಾಯಿಗೆ ಅಗಿಯಲಾಗದು, ಇಡಿಯಾಗಿ ನುಂಗಬೇಕು. ಹಾಗಾಗಿ ಬಾಯಿಗಿಂತ ಬಹಳ ಚಿಕ್ಕದಾದ ಬೇಟೆಯನ್ನೇ ಆರಿಸಿಕೊಳ್ಳುತ್ತದೆ. ರಾಟಿಫರ್ ಎಂಬ ಸೂಕ್ಷ್ಮಜೀವಿಗಳು ಅದರ ಮೊದಲ ತುತ್ತು. ಬಾಯಿ ದೊಡ್ಡದಾದಂತೆ ಡಾಫ್ನಿಯಾದಂಥ ಜೀವಿಗಳತ್ತ ಹೊರಳುತ್ತದೆ. ಬೆಳೆದ ಮರಿ ತೀರಾ ಸಣ್ಣದರ ಬೆನ್ನು ಹತ್ತಿದರೂ ನಷ್ಟವೇ. ಓಡಾಡಿದ ಶ್ರಮಕ್ಕೆ ತಕ್ಕಷ್ಟು ಆಹಾರ ಸಿಗದು.

ಸಮುದ್ರದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಸೀಬಾಸ್ ಮೀನಿನ ಮರಿ ಹುಟ್ಟುವಾಗ ಒಂದೂವರೆ ಮಿಲಿಮೀಟರಿನಷ್ಟು. ಮರಿ ಉತ್ಪಾದನಾ ಕೇಂದ್ರಗಳಲ್ಲಿ ಅದಕ್ಕೆ ಮೊದಲು ರಾಟಿಫರ್, ಒಂದು ವಾರ ಕಳೆದ ಮೇಲೆ ಅರ್ಧ ಮಿಲಿಮೀಟರಿನ ಆರ್ಟೀಮಿಯಾ ಮರಿಗಳನ್ನು ಕೊಡುತ್ತಾರೆ. ಈ ಮೊದಲ ತುತ್ತು ತಪ್ಪಿದ ವರ್ಷ ಮುಂದೆ ಮೀನಿನ ಬೆಳೆಯೇ ಕುಸಿಯಬಹುದೆಂದು ನಾರ್ವೆಯ ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲೇ ಸೂಚಿಸಿದ್ದರು.

ಹಾಗಾದರೆ ನೀವೇನು ಮಾಡಬೇಕು? ಎಳೆಮರಿ ಬಿಡುವ ಮೊದಲೇ ನೀರಿಗೆ ಸಗಣಿ ಗೊಬ್ಬರ ಹಾಕಿ ಸೂಕ್ಷ್ಮಜೀವಿಗಳನ್ನು ಬೆಳೆಸಿ. ಐವತ್ತು ಲೀಟರ್ ನೀರನ್ನು ನುಣುಪಾದ ಬಟ್ಟೆಯ ಬಲೆಯಲ್ಲಿ ಸೋಸಿದಾಗ ಒಂದೆರಡು ಮಿಲಿಲೀಟರ್ ಜೀವಿಗಳು ಸಿಕ್ಕರೆ ಊಟ ಸಿದ್ಧವಾಗಿದೆ ಎಂದರ್ಥ. ನೀರಿನ ಹುಳುಗಳನ್ನು ಬಲೆ ಹಾಕಿ ತೆಗೆಯಿರಿ. ಅವು ಮರಿಯ ಬಾಯಿಗೆ ದೊಡ್ಡವು, ಮರಿಯನ್ನೇ ತಿನ್ನುತ್ತವೆ. ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲು ಬೆರೆಸಿ, ಹಿಟ್ಟಿನಂತೆ ಜರಡಿ ಹಿಡಿದೇ ಕೊಡಿ.

ಇಷ್ಟು ನಿಗಾ ಸಾಧ್ಯವಿಲ್ಲದಿದ್ದರೆ ಬೆರಳುದ್ದ ಬೆಳೆದ ಮರಿಗಳನ್ನೇ ಕೊಳ್ಳಿರಿ. ಬೆಲೆ ತುಸು ಹೆಚ್ಚು, ಆದರೆ ಹಸಿವಿನ ಆ ಮೊದಲ ಗಂಡಾಂತರವನ್ನು ಅವು ದಾಟಿ ಬಂದಿರುತ್ತವೆ.