ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬೇಡಿ

ಎರಡು ವರ್ಷದ ಮಗುವನ್ನು ಎತ್ತಿಕೊಂಡು ಅಜ್ಜಿಯೊಬ್ಬರು ನನ್ನಲ್ಲಿಗೆ ಓಡಿ ಬಂದರು. ತಂಪು ಪಾನೀಯದ ಬಾಟಲಿಯಲ್ಲಿ ಇಟ್ಟಿದ್ದ ಸೀಮೆಎಣ್ಣೆಯನ್ನು ಮಗು ನೀರೆಂದು ಕುಡಿದಿತ್ತು. 'ಒಂದೇ ಗುಟುಕು ಡಾಕ್ಟ್ರೇ, ಆಗಲೇ ಉಪ್ಪುನೀರು ಕುಡಿಸಿ ಎಲ್ಲ ಕಕ್ಕಿಸಿಬಿಟ್ಟಿದ್ದೇವೆ' ಎಂದರು. ಮಗು ಕೆಮ್ಮುತ್ತಿತ್ತು, ಏದುಸಿರು ಬಿಡುತ್ತಿತ್ತು. ಅವರು ಒಳ್ಳೆಯದೆಂದು ಮಾಡಿದ್ದ ಕೆಲಸವೇ ಅಪಾಯವನ್ನು ಹೆಚ್ಚಿಸಿತ್ತು.

ಇದು ಹೇಗೆ? ಓರೆಯಾಗಿ ಹಿಡಿದ ತಟ್ಟೆಯ ಮೇಲೆ ಒಂದೊಂದು ತೊಟ್ಟು ನೀರು, ಹರಳೆಣ್ಣೆ, ಜೇನುತುಪ್ಪ ಹಾಕಿ ನೋಡಿ. ನೀರು ಕೂಡಲೇ ಹರಿಯುತ್ತದೆ, ಹರಳೆಣ್ಣೆ ನಿಧಾನ, ಜೇನು ಇನ್ನೂ ನಿಧಾನ. ದ್ರವದ ಈ ಮಂದತನಕ್ಕೆ ಸ್ನಿಗ್ಧತೆ ಎಂದು ಹೆಸರು. ಹರಳೆಣ್ಣೆಯ ಸ್ನಿಗ್ಧತೆ ನೀರಿನ ನೂರಾರು ಪಟ್ಟು. ಸೀಮೆಎಣ್ಣೆ ಹೆಸರಿಗೆ ಎಣ್ಣೆಯಾದರೂ ಹೆಚ್ಚುಕಡಿಮೆ ನೀರಿನಷ್ಟೇ ತೆಳು. ಅದರ ಮೇಲ್ಮೈ ಎಳೆತ ನೀರಿನದರ ಮೂರನೇ ಒಂದು ಭಾಗದಷ್ಟೇ ಇರುವುದರಿಂದ ತಾಗಿದ ಕಡೆಯೆಲ್ಲ ಬೇಗನೆ ಹರಡಿಕೊಳ್ಳುತ್ತದೆ.

ಸೀಮೆಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಆದ್ದರಿಂದ ಒಂದು ಗುಟುಕು ಹೊಟ್ಟೆಯಲ್ಲೇ ಉಳಿದರೆ ಸಾಮಾನ್ಯವಾಗಿ ದೊಡ್ಡ ಹಾನಿಯಿಲ್ಲ. ಅಪಾಯವಿರುವುದು ಶ್ವಾಸಕೋಶಕ್ಕೆ. ಸೀಮೆಎಣ್ಣೆಯ ಸಾಂದ್ರತೆ ಸುಮಾರು 0.8, ನೀರಿನದು 1. ಎಷ್ಟು ನೀರು, ಹಾಲು ಕುಡಿಸಿದರೂ ಅದು ಮೇಲೆಯೇ ತೇಲುತ್ತದೆ. ಹೊಟ್ಟೆ ತುಂಬಿ ವಾಂತಿಯಾಗುವ ಸಂಭವ ಹೆಚ್ಚುತ್ತದೆ. ವಾಂತಿಯಾಗುವಾಗ ಕೆಲವೇ ತೊಟ್ಟು ಶ್ವಾಸನಾಳಕ್ಕೆ ಜಾರಿದರೂ ಸಾಕು, ಶ್ವಾಸಕೋಶದ ಗಾಳಿಗೂಡುಗಳವರೆಗೆ ಹರಡಿ ಉರಿಯೂತ ಉಂಟುಮಾಡುತ್ತದೆ. ಇದೇ ರಾಸಾಯನಿಕ ನ್ಯುಮೋನಿಯಾ.

ಹಾಗಾದರೆ ಮಂದವಾದ ಎಣ್ಣೆ ನಿರಪಾಯಕಾರಿಯೇ? ಅಲ್ಲ. ಕೂಸಿನ ಮೂಗಿಗೆ ಎಣ್ಣೆ ಬಿಡುವುದು, ಅಳುವ ಮಗುವಿನ ಬಾಯಿಗೆ ಹರಳೆಣ್ಣೆ ಸುರಿಯುವುದು ಕೆಲವು ಮನೆಗಳಲ್ಲಿ ರೂಢಿ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಉಳಿದು ಬೇರೊಂದು ಬಗೆಯ ನ್ಯುಮೋನಿಯಾ ತರಬಲ್ಲದು.

ಏನು ಮಾಡಬೇಕು?

* ವಾಂತಿ ಮಾಡಿಸಬೇಡಿ. ಗಂಟಲಿಗೆ ಬೆರಳು ಹಾಕಬೇಡಿ. ಉಪ್ಪುನೀರು, ಹಾಲು, ಎಣ್ಣೆ ಏನನ್ನೂ ಕುಡಿಸಬೇಡಿ.
* ತಾನಾಗಿ ವಾಂತಿಯಾದರೆ ಮಗುವನ್ನು ಮುಂದಕ್ಕೆ ಬಾಗಿಸಿ, ತಲೆ ಕೆಳಮುಖವಾಗಿರಲಿ.
* ಸೀಮೆಎಣ್ಣೆ ಬಿದ್ದ ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಿಂದ ತೊಳೆಯಿರಿ.
* ಕೂಡಲೇ ಆಸ್ಪತ್ರೆಗೆ ಹೊರಡಿ, ಬಾಟಲಿಯೂ ಜೊತೆಗಿರಲಿ. ಏದುಸಿರು, ನರಳಿಕೆ, ಮಂಪರು, ತುಟಿ ನೀಲಿಯಾಗುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ.
* ಮಗು ಆಡಿಕೊಂಡಿದ್ದರೂ ಕನಿಷ್ಠ 6 ಗಂಟೆ ವೈದ್ಯರ ನಿಗಾ ಬೇಕು. ತೊಂದರೆ ತಡವಾಗಿಯೂ ಕಾಣಿಸಿಕೊಳ್ಳಬಹುದು.

ಪೇಂಟ್ ಥಿನ್ನರ್, ಟರ್ಪೆಂಟೈನ್, ಪೆಟ್ರೋಲುಗಳಿಗೂ ಇದೇ ನಿಯಮ. ಸೊಳ್ಳೆ ಓಡಿಸುವ ದ್ರವದಲ್ಲೂ ಇಂಥ ತೆಳು ಎಣ್ಣೆಯೇ ಇರುವುದುಂಟು. ಈಗ ಸೀಮೆಎಣ್ಣೆ ಸ್ಟವ್ ಅಪರೂಪ, ಆದರೆ ಈ ಬಾಟಲಿಗಳು ಮನೆಮನೆಯಲ್ಲೂ ಇವೆ.

ಆ ಅಜ್ಜಿಯ ಮೊಮ್ಮಗು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಗುಣವಾಗಿ ಮನೆಗೆ ಹೋಯಿತು. ಇಂದೇ ನಿಮ್ಮ ಮನೆಯಲ್ಲೊಮ್ಮೆ ಹುಡುಕಿ ನೋಡಿ. ಕುಡಿಯುವ ಬಾಟಲಿಯಲ್ಲಿ ಕುಡಿಯಬಾರದ್ದು ಇದ್ದರೆ ತೆಗೆದು, ಮಗುವಿನ ಕೈಗೆಟುಕದ ಕಡೆ ಬೀಗ ಹಾಕಿ ಇಡಿ.